ಹೆಸರು ಕೇಳುವ ಮೊದಲೇ ಬೆಂಕಿ ಹೊತ್ತಿಸಿದ ಜನ



ಇಂದು ಸಂಜೆ ಕುಟುಂಬ ಪ್ರಾರ್ಥನೆಗೆ ಕೂರುವ ಮುನ್ನ ಮಕ್ಕಳ ಶಾಲೆಯ ಭೂಪಟವನ್ನೊಮ್ಮೆ ಬಿಡಿಸಿ ನೋಡಿರಿ. ಇಟಲಿ ದೇಶದ ಕಾಲ ತುದಿಯಲ್ಲಿರುವ ಸಿಸಿಲಿ ದ್ವೀಪವನ್ನು ಮೊದಲು ಗುರುತಿಸಿರಿ. ಅದರ ಕೆಳಗೆ, ಮೆಡಿಟರೇನಿಯನ್ ಸಮುದ್ರದ ನಡುವೆ, ಪೆನ್ಸಿಲ್ ಮೊನೆ ತಾಗಿದಂತೆ ಒಂದು ಚುಕ್ಕೆ ಕಾಣಿಸುತ್ತದೆ. ಅದೇ ಮಾಲ್ಟಾ. ಕೆಲವು ಭೂಪಟಗಳಲ್ಲಿ ಆ ಚುಕ್ಕೆಯೂ ಇರುವುದಿಲ್ಲ. ಆದರೆ ಪವಿತ್ರ ಬೈಬಲಿನಲ್ಲಿ ಈ ಪುಟ್ಟ ನಾಡಿಗೆ ಒಂದು ಗೌರವದ ಜಾಗವಿದೆ. ಪ್ರೇಷಿತರ ಕಾರ್ಯಕಲಾಪಗಳ 28ನೆಯ ಅಧ್ಯಾಯವನ್ನು ತೆರೆದರೆ ಮೊದಲಿಗೇ ಸಿಗುವುದು ಈ ದ್ವೀಪದ ಜನ.

ಒಂದು ಚಿಕ್ಕ ಯಾತ್ರಿಕರ ಗುಂಪಿನೊಂದಿಗೆ ಆ ದ್ವೀಪಕ್ಕೆ ಹೋಗಿಬರುವ ಭಾಗ್ಯ ನನಗೆ ದೊರೆಯಿತು. ನೋಡಿದ್ದನ್ನೆಲ್ಲ ಹೇಳಲು ಈ ಪುಟ ಸಾಲದು. ಅಲ್ಲಿಂದ ನಾನು ಹೊತ್ತು ತಂದ ಒಂದೇ ಒಂದು ಮಾತನ್ನು ನಿಮ್ಮ ಮುಂದಿಡುತ್ತೇನೆ.

ಚುಕ್ಕೆಯಷ್ಟು ನಾಡು

ಮಾಲ್ಟಾ, ಗೋಜೊ, ಕೊಮಿನೊ ಎಂಬ ದ್ವೀಪಗಳು ಸೇರಿ ಈ ದೇಶ. ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ 5 ಲಕ್ಷ 19 ಸಾವಿರ. ಇಷ್ಟು ಚಿಕ್ಕ ನೆಲದ ಮೇಲೆ 350ಕ್ಕೂ ಹೆಚ್ಚು ದೇವಾಲಯಗಳಿವೆ. ಯಾವ ದಿಬ್ಬ ಹತ್ತಿದರೂ ಜೇನಿನ ಬಣ್ಣದ ಕಲ್ಲಿನಿಂದ ಕಟ್ಟಿದ ಒಂದು ಗುಮ್ಮಟ ಕಣ್ಣಿಗೆ ಬೀಳುತ್ತದೆ.

ಗೋಜೊ ದ್ವೀಪದಲ್ಲಿ ಜ್ಗಂತಿಯಾ ಎಂಬ ಕಲ್ಲಿನ ಪೂಜಾಸ್ಥಳವಿದೆ. ಅದನ್ನು ಕಟ್ಟಿ 5,500 ವರ್ಷಗಳಾದುವು. ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಅದು ಹಳೆಯದು. ಆ ಬಂಡೆಗಳನ್ನು ನಿಲ್ಲಿಸಿದ ಜನರ ಭಾಷೆ ಯಾವುದೆಂದು ಹೇಳುವವರಿಲ್ಲ. ಆದರೆ ತಮಗಿಂತ ದೊಡ್ಡವನೊಬ್ಬನ ಮುಂದೆ ತಲೆಬಾಗಬೇಕೆಂಬುದು ಅವರಿಗೂ ತಿಳಿದಿತ್ತು.

ಆಮೇಲೆ ಬಂದವರು ಎಷ್ಟು ಮಂದಿ! ಫಿನೀಷಿಯದವರು, ಕಾರ್ತೇಜಿನವರು, ಕ್ರಿಸ್ತಪೂರ್ವ 218ರಲ್ಲಿ ರೋಮನರು, ಕ್ರಿಸ್ತಶಕ 870ರಲ್ಲಿ ಅರಬರು, 1091ರಲ್ಲಿ ನಾರ್ಮನರು, 1530ರಲ್ಲಿ ಸಂತ ಯೊವಾನ್ನರ ಸಂಘದ ನೈಟ್‌ಗಳು, 1798ರಲ್ಲಿ ನೆಪೋಲಿಯನ್, 1800ರಲ್ಲಿ ಬ್ರಿಟಿಷರು. 1964ರಲ್ಲಿ ಮಾಲ್ಟಾ ಸ್ವತಂತ್ರವಾಯಿತು. ಬಂದವರೆಲ್ಲರೂ ಏನಾದರೊಂದನ್ನು ಬಿಟ್ಟುಹೋದರು. ಮಾಲ್ಟಾದವರ ನುಡಿ ಅರಬ್ಬಿ ಮೂಲದ್ದು, ಬರೆಯುವುದು ರೋಮನ್ ಲಿಪಿಯಲ್ಲಿ. ದೇವರಿಗೆ ಅವರು ಹೇಳುವ ಪದ ‘ಅಲ್ಲಾ’. ನಮ್ಮ ತಪಸ್ಸುಕಾಲಕ್ಕೆ ಅವರ ಹೆಸರು ‘ರಂದಾನ್’. ಬಲಿಪೂಜೆಯಲ್ಲಿ ಆ ಪದಗಳನ್ನು ಕೇಳಿದಾಗ ನಮ್ಮ ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂದವರ ಮಾತನ್ನೂ ಮನೆಯೊಳಗೆ ಇರಿಸಿಕೊಂಡ ಜನ ಅವರು.

ಒಡೆದ ಹಡಗು, ಒದ್ದೆಯಾದ ಕೈದಿಗಳು

ಬಂದವರಲ್ಲಿ ಒಂದು ಗುಂಪು ಮಾತ್ರ ಗೆಲ್ಲುವುದಕ್ಕಾಗಲಿ, ವ್ಯಾಪಾರಕ್ಕಾಗಲಿ ಬಂದದ್ದಲ್ಲ. ಅದು ಕ್ರಿಸ್ತಶಕ 60ರ ಸುಮಾರು. ಸಂತ ಪೌಲರನ್ನು ಕೈದಿಯಾಗಿ ರೋಮಿಗೆ ಕರೆದೊಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಹಲವು ದಿನ ಸೂರ್ಯನೂ ಕಾಣಲಿಲ್ಲ, ನಕ್ಷತ್ರವೂ ಕಾಣಲಿಲ್ಲ. ಹದಿನಾಲ್ಕನೆಯ ರಾತ್ರಿ ಕಳೆದ ಮೇಲೆ ಹಡಗು ಮರಳದಿಣ್ಣೆಗೆ ಬಡಿದು, ಹಿಂಭಾಗ ಅಲೆಗಳ ಹೊಡೆತಕ್ಕೆ ಒಡೆದುಹೋಯಿತು. ಅದರಲ್ಲಿದ್ದವರು 276 ಮಂದಿ. ಕೈದಿಗಳು ಈಜಿ ತಪ್ಪಿಸಿಕೊಂಡಾರೆಂದು ಅವರನ್ನು ಕೊಂದುಬಿಡಲು ಸೈನಿಕರು ಹೊರಟಿದ್ದರು. ಪೌಲರನ್ನು ಉಳಿಸಬೇಕೆಂದಿದ್ದ ಶತಾಧಿಪತಿ ತಡೆದನು. ಈಜು ಬಲ್ಲವರು ಈಜಿದರು, ಉಳಿದವರು ಹಲಗೆ ಹಿಡಿದು ದಡ ಸೇರಿದರು. ಒಂದು ಜೀವವೂ ಹೋಗಲಿಲ್ಲ.

ಈಗ ಆ ದಡದಲ್ಲಿ ನಿಂತಿದ್ದ ಊರಿನವರ ಜಾಗದಲ್ಲಿ ನಿಮ್ಮನ್ನು ಇಟ್ಟು ನೋಡಿರಿ. ಬೆಳಗಿನ ಜಾವ, ಚಳಿ, ಮಳೆ. ಕಡಲಿನಿಂದ ಒಬ್ಬರ ಹಿಂದೆ ಒಬ್ಬರಂತೆ 276 ಮಂದಿ ಮೇಲೆದ್ದು ಬರುತ್ತಿದ್ದಾರೆ. ಕೆಲವರು ಸೈನಿಕರು, ಕೆಲವರು ನಾವಿಕರು, ಕೆಲವರು ಕೈದಿಗಳು. ಯಾರು ಒಳ್ಳೆಯವರು, ಯಾರು ಕಳ್ಳರು, ಹೇಗೆ ಹೇಳುವುದು? ಅವರ ಭಾಷೆಯೂ ಬೇರೆ. ಮೂಲ ಗ್ರೀಕ್ ಭಾಷೆಯಲ್ಲಿ ಸಂತ ಲೂಕರು ಆ ದ್ವೀಪದವರನ್ನು ‘ಬಾರ್ಬರೊಯ್’ ಎಂದು ಕರೆದಿದ್ದಾರೆ. ಗ್ರೀಕ್ ಮಾತನಾಡದವರು ಎಂದು ಅದರ ಅರ್ಥ. ಓದಿದವರು ಓದದವರನ್ನು ಕರೆಯುವ ಹೆಸರು ಅದು. ಆದರೆ ಅದೇ ಲೂಕರು ಮರುಕ್ಷಣವೇ ಅವರ ಅಸಾಧಾರಣವಾದ ಮನುಷ್ಯಪ್ರೀತಿಯನ್ನು ಹೊಗಳುತ್ತಾರೆ. ಏಕೆಂದರೆ ಅವರು ಮೊದಲು ಮಾಡಿದ ಕೆಲಸ, ಬೆಂಕಿ ಹೊತ್ತಿಸಿ ಎಲ್ಲರನ್ನೂ ಹತ್ತಿರ ಕರೆದದ್ದು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ‘ನೀವು ಯಾರು, ಯಾವ ಊರು, ಯಾವ ಧರ್ಮ’ ಎಂದು ಅವರು ಕೇಳಿದ ಮಾತು ಆ ವೃತ್ತಾಂತದಲ್ಲಿ ಇಲ್ಲ. ಮೊದಲು ಬೆಂಕಿ. ಕೈದಿಗೂ ಅದೇ ಬೆಂಕಿ, ಕಾವಲುಗಾರನಿಗೂ ಅದೇ ಬೆಂಕಿ.

ಬೆಂಕಿಗೆ ಪುಳ್ಳೆ ಆರಿಸಿ ತಂದವರಲ್ಲಿ ಪೌಲರೂ ಇದ್ದರು. ದೊಡ್ಡ ಪ್ರೇಷಿತ ತಾನೆಂದು ಸುಮ್ಮನೆ ಕುಳಿತು ಚಳಿ ಕಾಯಿಸಿಕೊಳ್ಳಲಿಲ್ಲ. ಪುಳ್ಳೆಯೊಳಗಿಂದ ಹಾವೊಂದು ಹೊರಟು ಅವರ ಕೈಗೆ ಸುತ್ತಿಕೊಂಡಿತು. ಕೂಡಲೇ ಜನ ‘ಇವನು ಕೊಲೆಗಾರನಿರಬೇಕು’ ಎಂದರು. ಪೌಲರು ಹಾವನ್ನು ಕೊಡವಿ ಬೆಂಕಿಗೆ ಹಾಕಿದರು. ಅವರಿಗೆ ಏನೂ ಆಗದಿರಲು ಅದೇ ಜನ ‘ಇವನು ದೇವರೇ ಸರಿ’ ಎಂದರು. ಮೊದಲನೆಯ ಮಾತೂ ತಪ್ಪು, ಎರಡನೆಯದೂ ತಪ್ಪು. ಹೊಸಬರನ್ನು ಕುರಿತು ನಾವು ಅವಸರದಲ್ಲಿ ಆಡುವ ಮಾತುಗಳು ಇಂದಿಗೂ ಹೀಗೆಯೇ ಅಲ್ಲವೇ? ಆದರೂ ಆ ದ್ವೀಪದವರ ಪುಣ್ಯ ದೊಡ್ಡದು. ಅವರ ನಾಲಿಗೆ ತಪ್ಪುವ ಮೊದಲೇ ಅವರ ಕೈ ಸರಿಯಾದ ಕೆಲಸ ಮಾಡಿ ಮುಗಿಸಿತ್ತು.

ಅನಂತರ ದ್ವೀಪದ ಮುಖಂಡನಾದ ಪುಬ್ಲಿಯನು ಅವರನ್ನು ಮೂರು ದಿನ ತನ್ನ ಮನೆಯಲ್ಲಿ ಉಪಚರಿಸಿದನು. ಅವನ ತಂದೆ ಜ್ವರ ಮತ್ತು ರಕ್ತಭೇದಿಯಿಂದ ಮಲಗಿದ್ದನು. ಪೌಲರು ಒಳಗೆ ಹೋಗಿ, ಪ್ರಾರ್ಥಿಸಿ, ತಲೆಯ ಮೇಲೆ ಕೈಯಿಟ್ಟು ಗುಣಪಡಿಸಿದರು. ಸುದ್ದಿ ತಿಳಿದು ದ್ವೀಪದ ಇತರ ರೋಗಿಗಳೂ ಬಂದು ಗುಣಹೊಂದಿದರು. ಮೂರು ತಿಂಗಳ ನಂತರ ಹೊರಡುವಾಗ ಜನ ಪ್ರಯಾಣಕ್ಕೆ ಬೇಕಾದುದನ್ನೆಲ್ಲ ಹೊಂದಿಸಿಕೊಟ್ಟರು. ಪೌಲರು ಅಲ್ಲಿ ಮಾಡಿದ ಒಂದು ಪ್ರಸಂಗವನ್ನೂ ಲೂಕರು ಬರೆದಿಟ್ಟಿಲ್ಲ. ಬರೆದಿಟ್ಟದ್ದು ಬೆಂಕಿ, ಊಟ, ರೋಗಿಯ ಹಾಸಿಗೆ, ಪ್ರಾರ್ಥನೆ, ಬುತ್ತಿ. ಇಷ್ಟರಿಂದಲೇ ಒಂದು ನಾಡು ತನ್ನ ವಿಶ್ವಾಸದ ಹುಟ್ಟನ್ನು ಎಣಿಸಿಕೊಳ್ಳುತ್ತದೆ. ಆ ಪುಬ್ಲಿಯನೇ ತಮ್ಮ ಮೊದಲನೆಯ ಧರ್ಮಾಧ್ಯಕ್ಷನೆಂದು ಅಲ್ಲಿನ ಸಂಪ್ರದಾಯ ಹೇಳುತ್ತದೆ.

ಪ್ರತಿವರ್ಷ ಫೆಬ್ರವರಿ 10ರಂದು ಮಾಲ್ಟಾದವರು ಈ ಹಡಗು ಒಡೆದ ದಿನವನ್ನು ಹಬ್ಬವಾಗಿ ಆಚರಿಸುತ್ತಾರೆ. ರಾಜಧಾನಿ ವಲೆಟ್ಟಾದಲ್ಲಿ ಸಂತ ಪೌಲರ ಪ್ರತಿಮೆಯನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡುತ್ತಾರೆ. ಅಲ್ಲಿನ ದೇವಾಲಯದಲ್ಲಿ ಪೌಲರ ಬಲಗೈ ಮಣಿಕಟ್ಟಿನ ಮೂಳೆಯೆಂದು ಗೌರವಿಸಲಾಗುವ ಅವಶೇಷವಿದೆ. ಅದರ ಮುಂದೆ ಮೊಣಕಾಲೂರಿದಾಗ ನನ್ನ ನೆನಪಿಗೆ ಬಂದದ್ದು ಅವರ ಪತ್ರಗಳಲ್ಲ, ಆ ಒದ್ದೆ ಪುಳ್ಳೆಗಳು.

ಆಷಾಢದ ಒಂದು ರಾತ್ರಿ

ಏಕೆ ಹಾಗೆ ನೆನಪಾಯಿತು ಎಂಬುದನ್ನು ನಿಮಗೆ ಹೇಳಲೇಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಆಷಾಢದ ರಾತ್ರಿ. ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ಕರೆಂಟೂ ಹೋಗಿತ್ತು. ಗುರುನಿವಾಸದ ಬಾಗಿಲು ಯಾರೋ ಬಡಿದರು. ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಒಬ್ಬ ಯುವಕ, ಒಬ್ಬಳು ಹೆಂಗಸು, ಅವಳ ಹೆಗಲ ಮೇಲೆ ಮಗು. ಕಾಫಿ ತೋಟದ ಕೆಲಸಕ್ಕೆಂದು ದೂರದ ರಾಜ್ಯದಿಂದ ಬಂದವರು. ಅವರ ಮಾತು ನನಗೆ ಅರ್ಥವಾಗಲಿಲ್ಲ. ನಾನು ಚಿಲಕ ತೆಗೆಯಲಿಲ್ಲ. ಯಾರು, ಎಲ್ಲಿಂದ, ಆಧಾರ್ ಕಾರ್ಡ್ ಇದೆಯೇ ಎಂದು ಕಿಟಕಿಯಿಂದಲೇ ಕೇಳಿದೆ. ಉತ್ತರ ಸರಿಯಾಗಿ ಬರಲಿಲ್ಲ. ಬಸ್ ನಿಲ್ದಾಣದ ಕಡೆ ಕೈ ತೋರಿಸಿ ಕಿಟಕಿ ಮುಚ್ಚಿದೆ. ಆಮೇಲೆ ರಾತ್ರಿಯ ಪ್ರಾರ್ಥನೆಯನ್ನೂ ಹೇಳಿ ಮಲಗಿದೆ.

ಬೆಳಿಗ್ಗೆ ಪೂಜೆಗೆ ಹೋದಾಗ ದೇವಾಲಯದ ಜಗುಲಿಯ ಮೇಲೆ ಬೂದಿ ತುಂಬಿದ ಒಂದು ಹಳೆಯ ಬಾಣಲೆ ಇತ್ತು. ನಮ್ಮ ಉಪದೇಶಿಯವರ ಹೆಂಡತಿ ಅದನ್ನು ತೆಗೆದುಕೊಂಡು ಹೋಗಲು ಬಂದಿದ್ದರು. ರಾತ್ರಿ ಅವರೇ ಬಾಣಲೆಯಲ್ಲಿ ಕೆಂಡ ತಂದಿಟ್ಟು, ಬಿಸಿ ಗಂಜಿ ಕೊಟ್ಟು, ಮಗುವಿಗೆ ತಮ್ಮ ಹಳೆಯ ಸೀರೆ ಸುತ್ತಿ, ಆ ಮೂವರನ್ನು ಬೆಳಗಿನ ಮೊದಲ ಬಸ್ಸಿನವರೆಗೆ ಕಾಪಾಡಿದ್ದರು.

‘ಅವರು ಯಾರಂತೆ?’ ಎಂದು ಕೇಳಿದೆ.

‘ಅದನ್ನ ಕೇಳೋಕೇ ಮರೆತೆ ಸ್ವಾಮಿ. ಮಗು ನಡುಗ್ತಿತ್ತು’ ಎಂದರು.

ಅಂದು ನಾನು ಪೀಠದ ಮುಂದೆ ನಿಂತು ಪಾಪನಿವೇದನೆಯ ಪ್ರಾರ್ಥನೆ ಹೇಳುವಾಗ, ಮಾಡದೆ ಬಿಟ್ಟ ಒಳಿತಿಗಾಗಿ ಕ್ಷಮೆ ಕೇಳುವ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಪ್ರೇಷಿತರ ಕಾರ್ಯಕಲಾಪಗಳನ್ನು ನಾನು ಸೆಮಿನರಿಯಲ್ಲಿ ಓದಿ ಪರೀಕ್ಷೆ ಬರೆದವನು. ಆ ತಾಯಿ ಅದನ್ನು ಬದುಕಿದವರು. ಮಾಲ್ಟಾದ ಆ ಮಣಿಕಟ್ಟಿನ ಮುಂದೆ ನನ್ನ ಕಣ್ಣ ಮುಂದೆ ಬಂದದ್ದು ಆ ಬಾಣಲೆಯ ಬೂದಿ.

ರೋಗಿಗಳ ಮನೆ

ವಲೆಟ್ಟಾದ ಕಡಲ ಬದಿಯಲ್ಲಿ ಒಂದು ಉದ್ದನೆಯ ಕಟ್ಟಡವಿದೆ. 1574ರಲ್ಲಿ ಸಂತ ಯೊವಾನ್ನರ ಸಂಘದ ನೈಟ್‌ಗಳು ಕಟ್ಟಲು ಆರಂಭಿಸಿದ ಆಸ್ಪತ್ರೆ ಅದು. ಅದರ ದೊಡ್ಡ ವಾರ್ಡು ಸುಮಾರು 155 ಮೀಟರ್ ಉದ್ದವಿದೆ. ರೋಗಿಗಳೇ ತಮ್ಮ ಒಡೆಯರು ಎಂಬುದು ಆ ಸಂಘದ ಹಳೆಯ ನಿಯಮ. ಅಲ್ಲಿ ರೋಗಿಗಳಿಗೆ ಬೆಳ್ಳಿಯ ಪಾತ್ರೆಗಳಲ್ಲಿ ಊಟ ಬಡಿಸುತ್ತಿದ್ದರು. ಗಣ್ಯ ಮನೆತನಗಳಿಂದ ಬಂದ ನೈಟ್‌ಗಳು ಸರದಿಯ ಮೇಲೆ ಬಂದು ಸೇವೆ ಮಾಡುತ್ತಿದ್ದರು.

ಆದರೆ ಸತ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ನೈಟ್‌ಗಳು ತಮ್ಮ ಹಡಗುಗಳಲ್ಲಿ ಹುಟ್ಟು ಹಾಕಲು ಗುಲಾಮರನ್ನೂ ಇಟ್ಟುಕೊಂಡಿದ್ದರು. ಒಂದು ಕೈಯಲ್ಲಿ ಬೆಳ್ಳಿಯ ಬಟ್ಟಲು, ಇನ್ನೊಂದು ಕೈಯಲ್ಲಿ ಸಂಕೋಲೆ. ಇದನ್ನು ಓದಿ ಅವರನ್ನು ತೆಗಳುವುದು ಸುಲಭ. ಆದರೆ ನಮ್ಮ ಮನೆಯಲ್ಲಿ ಹಬ್ಬದ ಅತಿಥಿಗೆ ಒಂದು ಲೋಟ, ಪಾತ್ರೆ ತೊಳೆಯುವವಳಿಗೆ ಬೇರೊಂದು ಲೋಟ ಇದೆಯೇ? ಅಡುಗೆಮನೆಯ ಕಪಾಟನ್ನು ಇಂದೇ ತೆರೆದು ನೋಡಿರಿ.

ಕಾಯುವ ಸರದಿ

ಒಂದು ಕಾಲಕ್ಕೆ ದಡದಲ್ಲಿ ನಿಂತು ಇತರರನ್ನು ಬರಮಾಡಿಕೊಂಡವರಿಗೆ, ತಾವೇ ಕಾಯುವ ಸರದಿಯೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಮಾಲ್ಟಾದ ಮೇಲೆ ಬಾಂಬಿನ ಮಳೆಯೇ ಸುರಿಯಿತು. ಜನ ಬಂಡೆ ಕೊರೆದು ಮಾಡಿದ ಆಶ್ರಯಗಳಲ್ಲಿ ರಾತ್ರಿ ಕಳೆದರು. 1942ರ ಏಪ್ರಿಲ್ 9ರಂದು ಮೊಸ್ತಾ ಎಂಬ ಊರಿನ ದೇವಾಲಯದಲ್ಲಿ ಸುಮಾರು 300 ಮಂದಿ ಸಂಜೆಯ ಪೂಜೆಗಾಗಿ ಸೇರಿದ್ದರು. ಬಾಂಬೊಂದು ಗುಮ್ಮಟವನ್ನು ತೂರಿ ಅವರ ನಡುವೆಯೇ ಬಿದ್ದಿತು. ಅದು ಸಿಡಿಯಲಿಲ್ಲ. ಅಂಥದ್ದೇ ಬಾಂಬಿನ ಮಾದರಿಯನ್ನು ಇಂದಿಗೂ ಅಲ್ಲಿ ಇಟ್ಟಿದ್ದಾರೆ. ದೇವರು ತಮ್ಮನ್ನು ಕಾಪಾಡಿದರೆಂದು ಜನ ಕೃತಜ್ಞತೆಯಿಂದ ಹೇಳುತ್ತಾರೆ. ಅದೇ ಬಾಯಲ್ಲಿ, ಬೇರೆ ಕಡೆ ಸತ್ತವರಿಗಾಗಿಯೂ ಪ್ರಾರ್ಥಿಸುತ್ತಾರೆ. ಉಳಿದವರಿಗೆ ಹೊಣೆ ಹೆಚ್ಚು.

ಅದೇ ವರ್ಷ ಆಗಸ್ಟ್ ತಿಂಗಳಿಗೆ ದ್ವೀಪದಲ್ಲಿ ಆಹಾರವೂ ಇಂಧನವೂ ಮುಗಿಯುತ್ತಾ ಬಂದಿತ್ತು. ನೆರವು ಹೊತ್ತು ಹೊರಟ ಹಡಗುಗಳಲ್ಲಿ ಹಲವು ದಾರಿಯಲ್ಲೇ ಮುಳುಗಿದುವು. ಉಳಿದವುಗಳಲ್ಲಿ ಒಂದಾದ ‘ಒಹಾಯೊ’ ಎಂಬ ತೈಲದ ಹಡಗು, ಮುರಿದ ಸ್ಥಿತಿಯಲ್ಲಿ, ಎರಡು ಬದಿಯಲ್ಲೂ ಬೇರೆ ಹಡಗುಗಳ ಆಸರೆ ಪಡೆದು, ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನವೇ ಬಂದರು ಸೇರಿತು. ಆ ಹಡಗುಗಳ ಸಾಲನ್ನು ಮಾಲ್ಟಾದವರು ಇಂದಿಗೂ ‘ಸಾಂತಾ ಮರಿಯಾ’ ಎಂದೇ ಕರೆಯುತ್ತಾರೆ. ಯುದ್ಧ ಮುಗಿದ ಮೇಲೆ ಸಾವಿರಾರು ಮಾಲ್ಟಾದವರು ಹೊಟ್ಟೆಪಾಡಿಗಾಗಿ ಆಸ್ಟ್ರೇಲಿಯ, ಕೆನಡಾ, ಬ್ರಿಟನ್ ದೇಶಗಳಿಗೆ ಗಂಟು ಕಟ್ಟಿಕೊಂಡು ಹೊರಟರು. ಇಂದು ಬಾಗಿಲೊಳಗೆ ಇರುವವರು ನಾಳೆ ಬಾಗಿಲಾಚೆ ನಿಲ್ಲಬೇಕಾದೀತು.

ಈಗ ಹಡಗು ತಿರುಗಿದೆ. ಆಫ್ರಿಕದ ದಡದಿಂದ ಚಿಕ್ಕ ದೋಣಿಗಳಲ್ಲಿ ಬಡಜನ ಅದೇ ಸಮುದ್ರ ದಾಟಲು ಹೊರಡುತ್ತಾರೆ. ದಡ ಕಾಣದೆ ಮುಳುಗಿದವರು ಸಾವಿರಾರು ಮಂದಿ. ಅವರನ್ನು ಯಾರು ಕರೆದುಕೊಳ್ಳಬೇಕೆಂದು ಯುರೋಪಿನ ಸರ್ಕಾರಗಳ ನಡುವೆ ವಾದ ನಡೆಯುತ್ತದೆ. ಆ ವಾದದಲ್ಲಿ ಮಾಲ್ಟಾವೂ ಇದೆ. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2022ರ ಏಪ್ರಿಲ್ 2 ಮತ್ತು 3ರಂದು ಮಾಲ್ಟಾಕ್ಕೆ ಬಂದಾಗ, ಆ ಭೇಟಿಯ ಧ್ಯೇಯವಾಕ್ಯವನ್ನು ಇದೇ 28ನೆಯ ಅಧ್ಯಾಯದಿಂದ ಆರಿಸಿಕೊಳ್ಳಲಾಗಿತ್ತು. ಅವರು ರಬಾತ್ ಊರಿನಲ್ಲಿ ಸಂತ ಪೌಲರು ತಂಗಿದ್ದರೆನ್ನಲಾಗುವ ಗವಿಯಲ್ಲಿ ಪ್ರಾರ್ಥಿಸಿದರು. ಹಾಲ್ ಫಾರ್ ಎಂಬಲ್ಲಿ ಕಡಲು ದಾಟಿ ಬಂದ ವಲಸಿಗರ ಕಥೆ ಕೇಳಿದರು. ಎರಡು ಸಾವಿರ ವರ್ಷಗಳ ಹಿಂದಿನ ಬೆಂಕಿ ಇನ್ನೂ ಉರಿಯುತ್ತಿದೆಯೇ ಎಂಬುದೇ ಆ ಭೇಟಿ ಕೇಳಿದ ಪ್ರಶ್ನೆ. ಆ ಪ್ರಶ್ನೆ ಮಾಲ್ಟಾದವರಿಗೆ ಮಾತ್ರವಲ್ಲ.

ನಮ್ಮ ಹೊಸ್ತಿಲು

‘ಫಾದರ್, ಇದು ಕಳ್ಳಕಾಕರ ಕಾಲ. ಕಂಡವರನ್ನೆಲ್ಲ ಮನೆಯೊಳಗೆ ಬಿಟ್ಟುಕೊಳ್ಳಲು ಆಗುತ್ತದೆಯೇ?’ ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ವೃದ್ಧರಿದ್ದಾರೆ. ಆದರೆ ಗಮನಿಸಿರಿ, ಮಾಲ್ಟಾದವರು ಮೊದಲ ಬೆಂಕಿಯನ್ನು ಹೊತ್ತಿಸಿದ್ದು ತಮ್ಮ ಒಲೆಯಲ್ಲಲ್ಲ, ಕಡಲ ದಡದಲ್ಲಿ. ನಮ್ಮ ಉಪದೇಶಿಯವರ ಹೆಂಡತಿಯೂ ಕೆಂಡವಿಟ್ಟದ್ದು ದೇವಾಲಯದ ಜಗುಲಿಯ ಮೇಲೆ. ಮನೆಯ ಬೀಗದ ಕೈ ಕೊಡಬೇಕೆಂದು ಯಾರೂ ಹೇಳುತ್ತಿಲ್ಲ. ಚಿಲಕ ತೆಗೆಯಲು ಭಯವಾದರೆ ಜಗುಲಿಯಲ್ಲಿ ಬೆಂಕಿ ಹೊತ್ತಿಸಬಹುದು. ಎಚ್ಚರಿಕೆ ಬೇರೆ, ಕಲ್ಲುಮನಸ್ಸು ಬೇರೆ. ಒಂದರ ಹೆಸರು ಹೇಳಿ ಇನ್ನೊಂದನ್ನು ಸಾಕಿಕೊಳ್ಳುವುದೇ ತಪ್ಪು. ಆ ರಾತ್ರಿ ನಾನು ಮಾಡಿದ ತಪ್ಪೂ ಅದೇ.

ಇನ್ನೊಂದು ಮಾತು. ಇಂದು ಮಾಲ್ಟಾದ ಆಸ್ಪತ್ರೆ, ಹೋಟೆಲು, ಬಸ್ಸುಗಳಲ್ಲಿ ನಮ್ಮ ದೇಶದ ಸಾವಿರಾರು ಯುವಕ ಯುವತಿಯರು ದುಡಿಯುತ್ತಿದ್ದಾರೆ. ನಿಮ್ಮ ಮಗನೋ, ತಂಗಿಯ ಮಗಳೋ ಇಂಥ ಯಾವುದಾದರೂ ಪರದೇಶದಲ್ಲಿ ಇದ್ದರೆ, ಅವರಿಗೆ ಒಳ್ಳೆಯವರು ಸಿಗಲೆಂದು ನೀವು ಪ್ರತಿರಾತ್ರಿ ಜಪಮಾಲೆ ಹೇಳುತ್ತೀರಿ. ಆ ಹೊತ್ತಿನಲ್ಲೇ ಅಸ್ಸಾಮಿನಲ್ಲೋ ಜಾರ್ಖಂಡಿನಲ್ಲೋ ಒಬ್ಬ ತಾಯಿ, ನಿಮ್ಮ ಊರಿಗೆ ಕೆಲಸಕ್ಕೆ ಬಂದಿರುವ ತನ್ನ ಮಗನಿಗಾಗಿ ಅದನ್ನೇ ಬೇಡುತ್ತಿರಬಹುದು. ಅವಳ ಪ್ರಾರ್ಥನೆಗೆ ಉತ್ತರ ಕೊಡಲು ದೇವರು ನಿಮ್ಮ ಮನೆಯನ್ನೇ ಆರಿಸಿಕೊಂಡಿದ್ದರೆ?

ಜಪಮಾಲೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮಾಲ್ಟಾದ ಸಂತ ಜಾರ್ಜ್ ಪ್ರೆಕಾರವರು ಸಾಮಾನ್ಯ ಯುವಜನರಿಗೆ ಧರ್ಮೋಪದೇಶ ಕಲಿಸಿ, ಅವರಿಂದಲೇ ಇತರರಿಗೆ ಕಲಿಸಲು 1907ರಲ್ಲಿ ಒಂದು ಸಂಘ ಕಟ್ಟಿದ ಗುರುಗಳು. 2007ರ ಜೂನ್ 3ರಂದು ಅವರಿಗೆ ಸಂತ ಪದವಿ ದೊರೆಯಿತು. ಜಪಮಾಲೆಗೆ ಬೆಳಕಿನ ರಹಸ್ಯಗಳನ್ನು ಸೇರಿಸಿ ಧ್ಯಾನಿಸುವಂತೆ ಅವರು 1957ರಲ್ಲೇ ತಮ್ಮ ಸಂಘದವರಿಗೆ ಬರೆದುಕೊಟ್ಟಿದ್ದರು. ಇಂಥದ್ದೇ ಐದು ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೆಯ ಜಾನ್ ಪಾಲ್‌ರವರು ಇಡೀ ಧರ್ಮಸಭೆಗೆ ನೀಡಿದ್ದು 2002ರಲ್ಲಿ. ಗುರುವಾರ ನಾವು ಆ ಎರಡನೆಯ ರಹಸ್ಯಕ್ಕೆ ಬಂದಾಗ ಕಾನಾ ಊರಿನ ಮದುವೆಮನೆಗೆ ಹೋಗುತ್ತೇವೆ. ಪ್ರಭು ಯೇಸು ತಮ್ಮ ಮೊದಲ ಸೂಚಕ ಕಾರ್ಯವನ್ನು ಮಾಡಿದ್ದು ಅತಿಥಿಯಾಗಿ ಹೋದ ಮನೆಯಲ್ಲಿ. ಕರೆಯದೆ ಇದ್ದಿದ್ದರೆ ಆ ಮನೆಗೆ ನೀರೂ ದ್ರಾಕ್ಷಾರಸವಾಗುತ್ತಿರಲಿಲ್ಲ.

ಆದ್ದರಿಂದ ಈ ವಾರ ಮೂರು ಕೆಲಸ ಮಾಡೋಣ. ಮೊದಲನೆಯದಾಗಿ, ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಪ್ರೇಷಿತರ ಕಾರ್ಯಕಲಾಪಗಳ 27 ಮತ್ತು 28ನೆಯ ಅಧ್ಯಾಯಗಳನ್ನು ಓದಿರಿ. ಮಕ್ಕಳಿಂದಲೇ ಓದಿಸಿರಿ, ಬಿರುಗಾಳಿಯ ಕಥೆ ಅವರಿಗೆ ಇಷ್ಟವಾಗುತ್ತದೆ. ಎರಡನೆಯದಾಗಿ, ನಿಮ್ಮ ಬೀದಿಯಲ್ಲಿ ಹೊಸದಾಗಿ ಬಂದು ನೆಲೆಸಿದ ಒಬ್ಬರ ಮನೆಗೆ ಹೋಗಿರಿ. ಬರಿಗೈಯಲ್ಲಿ ಹೋಗಬೇಡಿರಿ. ಮೂರನೆಯದಾಗಿ, ಭಾನುವಾರ ದೇವಾಲಯದ ಕೊನೆಯ ಬೆಂಚಿನಲ್ಲಿ ಒಂಟಿಯಾಗಿ ಕೂರುವವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿರಿ. ಯಾವ ಊರು, ಯಾವ ಜನ ಎಂದು ವಿಚಾರಿಸಲು ಆಮೇಲೆ ಬೇಕಾದಷ್ಟು ಸಮಯವಿದೆ.

ಕಡೆಯ ದಿನದಂದು ಪ್ರಭು ತಾವು ಪರದೇಶಿಯಾಗಿ ನಮ್ಮ ಬಾಗಿಲಿಗೆ ಬಂದಿದ್ದ ವಿಷಯವನ್ನೇ ಎತ್ತುವರೆಂದು ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಕೇಳಿದ್ದೇವೆ. ಆಗ ನನ್ನ ಪಕ್ಕದಲ್ಲಿ ಆ ತಾಯಿ ತಮ್ಮ ಹಳೆಯ ಬಾಣಲೆಯೊಂದಿಗೆ ನಿಂತಿರುವರು. ನನ್ನ ಕೈಯಲ್ಲಿ ಏನಿರುವುದು ಎಂಬುದು ಈಗಲೂ ನನ್ನನ್ನು ಕಾಡುವ ಚಿಂತೆ.

ಪ್ರಾರ್ಥಿಸೋಣ: ಬಿರುಗಾಳಿಯಲ್ಲೂ ನಮ್ಮ ಜೊತೆಯಿರುವ ಪ್ರಭುವೇ, ಹಡಗು ಒಡೆದವರು ನಮ್ಮ ದಡಕ್ಕೆ ಬಂದಾಗ ನಮ್ಮ ನಾಲಿಗೆಗಿಂತ ಮುಂಚೆ ನಮ್ಮ ಕೈಗಳು ಚುರುಕಾಗಲಿ. ನಮ್ಮ ಹಡಗು ಒಡೆದ ದಿನ, ದಡದಲ್ಲಿ ಯಾರಾದರೂ ಬೆಂಕಿ ಹೊತ್ತಿಸಿರಲಿ. ಮಾತೆ ಮರಿಯಮ್ಮನವರೇ, ಸಂತ ಪೌಲರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.